ಊಟಕ್ಕೆ ಹೋದ ಬಾಗಿಲು

ಕಂಪ್ಯೂಟರ್ ಆಟದೊಳಗಿನ ಹಳ್ಳಿಯಲ್ಲಿ ಸೂರ್ಯ ನೆತ್ತಿಗೇರಿದ. ಹಳ್ಳಿಗರೆಲ್ಲ ಊಟಕ್ಕೆ ಹೊರಟರು. ಅವರ ಹಿಂದೆಯೇ ಒಂದು ಮನೆಯ ಬಾಗಿಲು ಚೌಕಟ್ಟಿನಿಂದ ಕಳಚಿಕೊಂಡು ಹೋಟೆಲಿನ ಕಡೆ ನಡೆದುಬಿಟ್ಟಿತು. ಪರದೆಯ ಮುಂದೆ ಆ ಆಟದ ಕೋಡ್ ಬರೆಯುತ್ತಿದ್ದ ಸ್ಮಿಲ್ಯಾ ಬಾಯಲ್ಲಿದ್ದ ಬುರೆಕ್ ತಿಂಡಿಯನ್ನು ನುಂಗುವುದನ್ನೇ ಮರೆತಳು. ಸಂಜೆ, ಆಟವನ್ನು ಮಾರುಕಟ್ಟೆಗೆ ತರುವ ಪ್ರಕಾಶಕರ ಕಡೆಯ ಅಲೆಂಕಾ ಆಟ ನೋಡಲು ನೋವಿ ಸಾದ್ ನಗರದ ಇವರ ಕಚೇರಿಗೆ ಬರುವವಳಿದ್ದಳು. ಅವಳು ಒಪ್ಪದಿದ್ದರೆ ಆಟವೂ ಇಲ್ಲ, ಸ್ಮಿಲ್ಯಾಳ ಕೆಲಸವೂ ಇಲ್ಲ.

"ರಾಡಿವೊಯ್ ಅವ್ರೇ, ಬಾಗಿಲು ಊಟಕ್ಕೆ ಹೋಯ್ತು!"

ಯಜಮಾನ ರಾಡಿವೊಯ್ ಕಾಫಿ ಲೋಟವನ್ನೂ ಇಳಿಸಲಿಲ್ಲ. "ಹೋಗ್ದೆ ಇನ್ನೇನ್ಮಾಡುತ್ತೆ? ಅದು ಹಳ್ಳಿಗನ ಮಗ."

ತಟ್ಟಿದರೆ ಬಾಗಿಲು "ಯಾರದು?" ಎನ್ನಬೇಕಿತ್ತು. ಮಾತು ಬರುತ್ತಿದ್ದದ್ದು ಕೋಡಿನಲ್ಲಿ 'ಹಳ್ಳಿಗ' ಎಂಬ ಕ್ಲಾಸಿಗೆ, ಅಂದರೆ ಆ ಅಚ್ಚಿನಿಂದ ಹುಟ್ಟಿದವರಿಗೆ ಮಾತ್ರ. ಹಾಗಾಗಿ ಆ ಮಹಾನುಭಾವ ಬೆಳಿಗ್ಗೆ ಬಾಗಿಲನ್ನು ಹಳ್ಳಿಗನ ವಂಶಕ್ಕೇ ಸೇರಿಸಿದ್ದ. ಮಾತಿನ ಜೊತೆಗೆ ಹಸಿವು, ನಡಿಗೆ ಎಲ್ಲವೂ ಪಿತ್ರಾರ್ಜಿತವಾಗಿ ಬಂದಿದ್ದವು.

"ಮಾತು, ಹಸಿವು, ನಡಿಗೆ ಎಲ್ಲಾ ಬೇರೆ ಬೇರೆ ತುಂಡು ಮಾಡೋಣ. ಯಾರಿಗೆ ಯಾವ್ದು ಬೇಕೋ ಅದನ್ನ ಅಂಟಿಸಿದ್ರಾಯ್ತು," ಎಂದಳು ಸ್ಮಿಲ್ಯಾ.

"ನಾನು ವರ್ಷಗಟ್ಲೆ ಕಟ್ಟಿದ ವಂಶವೃಕ್ಷ ಕಣಮ್ಮಾ ಇದು!"

"ಅಪ್ಪ ನೆಟ್ಟ ಆಲದಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋಕಾಗುತ್ತಾ?"

ರಾಡಿವೊಯ್ ಮುಖ ಊದಿಸಿಕೊಂಡ. "ಬುಡಕ್ಕೆ ಮಾತ್ರ ಕೈ ಹಚ್ಚಬೇಡ."

ಅವಳೂ ಜಗ್ಗಾಡಿ, ಬುಡ ಉಳಿಸಲು ಒಪ್ಪಿದಳು. ಪ್ರತಿ ವಸ್ತುವಿಗೂ ಹೆಸರು, ಜಾಗ ಕೊಡುವ ಒಂದು ಮೂಲಕ್ಲಾಸ್. ಉಳಿದದ್ದೆಲ್ಲ ಅಂಟಿಸುವ ತುಂಡು. 'ತಟ್ಟಿದರೆ ಓಗೊಡುತ್ತೇನೆ' ಎಂಬ ಇಂಟರ್ಫೇಸ್, ಅಂದರೆ ಕರಾರು, ಒಂದನ್ನು ಬರೆದಳು. ಆ ಕರಾರಿಗೆ ಒಪ್ಪಿದವನು ಯಾರ ಮಗನೆಂದು ಆಟ ಇನ್ನು ವಿಚಾರಿಸುವುದಿಲ್ಲ. ಸಂಜೆಯೊಳಗೆ ಒಂದೇ ಬೀದಿಯನ್ನು ಹೀಗೆ ತಿದ್ದಲಾಯಿತು.

ಅಲೆಂಕಾ ಬಂದಳು, ಆಟದೊಳಗಿನ ಬಾಗಿಲು ತಟ್ಟಿದಳು. "ಯಾರದು?" ಎಂದಿತು ಬಾಗಿಲು. ಆಟದ ಸೂರ್ಯ ನೆತ್ತಿಗೇರಿದರೂ ಅದು ನಿಂತಲ್ಲೇ ನಿಂತಿತ್ತು. ಅವಳು ಮುಖದಲ್ಲಿ ಏನನ್ನೂ ತೋರಿಸದೆ ಪಕ್ಕದ ಬಾವಿಯನ್ನು ತಟ್ಟಿದಳು.

"ಇದು ಮಾತಾಡಲ್ವಾ?"

ರಾಡಿವೊಯ್ ರೂಢಿಯಂತೆ ಶುರುಮಾಡಿದ: "ಅದಕ್ಕೆ ಎರಡು ತಿಂಗ್ಳಾದ್ರೂ..."

"ಈಗ ತಟ್ಟಿ," ಎಂದಳು ಸ್ಮಿಲ್ಯಾ. ಅಷ್ಟರಲ್ಲಿ ಅವಳು ಮಾತಿನ ತುಂಡನ್ನು ಬಾವಿಗೆ ಅಂಟಿಸಿಯಾಗಿತ್ತು.

ಆಳದಿಂದ "ಯಾರದು?" ಎಂದು ಕೇಳಿತು. ಅಲೆಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಗಿಸಿ ಇದನ್ನ. ನಾವೇ ಹೊರಗೆ ತರ್ತೀವಿ."

"ನಾನು ಮೊದಲಿಂದ್ಲೂ ಇದನ್ನೇ ಹೇಳ್ತಾ ಬಂದಿದ್ದೀನಿ," ಎಂದು ರಾಡಿವೊಯ್ ಎದೆಯುಬ್ಬಿಸಿದ.

ಸ್ಮಿಲ್ಯಾಳಿಗೆ ಮೈಯೆಲ್ಲ ಉರಿಯಿತು. ಆದರೆ ನಾಳೆಯೂ ಬಂದು ಈ ಮನುಷ್ಯನ ಜೊತೆ ಜಗಳವಾಡುವ ಕೆಲಸ ಉಳಿಯಿತಲ್ಲ ಎಂದು ಅಳು ಬರುವಷ್ಟು ಖುಷಿಯೂ ಆಯಿತು.