ಶಾಂತಿ ಶಿಬಿರದ ಗೇಟು

"ಕಣ್ಣ ಮುಚ್ಚಲೇ ಭಾಡ್ಯಾ! ಸತ್ತ ಎಮ್ಮಿಗತೆ ಯಾಕ ಬಿಟಗೊಂಡ ಕುಂತಿ? ಮುಚ್ಚು. ಈಗ ನಗು. ಹಲ್ಲ ಕಿಸಿಬ್ಯಾಡ, ಒಳಗ ಸಮಾಧಾನ ಆದಾಂವ ನಕ್ಕಂಗ ನಗು!"

"ಅಂಥಾವ್ರು ಹ್ಯಾಂಗ ನಗತಾರ್ರಿ ಸಾವ್ಕಾರ್ರ?"

"ನಿಮ್ಮಪ್ಪ ಸತ್ತಾಗ ನಿಮ್ಮವ್ವ ನಕ್ಕಳಲ್ಲ, ಹಂಗ ನಗಲೇ ಸೂಳಿಮಗನ."

ಫೋಟೋ ತೆಗೆಯುವವನು ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಫೋಟೋ ಚೆನ್ನಾಗಿ ಬಂತಂತೆ.

ನಾನು ಗುರಣ್ಣ. ಹೊರ್ತಿಯ ಆಚೆ ಶ್ರೀಶೈಲಪ್ಪ ಸಾವಕಾರನ ಲಿಂಬೆ ತೋಟದಲ್ಲಿ ಬುದ್ಧಿ ಬಂದಾಗಿನಿಂದ ದುಡಿಯುತ್ತಿದ್ದೇನೆ. ಈಗ ತೋಟದ ನಡುವೆ ಪೆಂಡಾಲು ಎದ್ದಿದೆ. ವಿಜಯಪುರ, ಸೋಲಾಪುರದ ಡಾಕ್ಟರು, ವಕೀಲರು ಕಾರು ಹತ್ತಿ ಬರುತ್ತಾರೆ, ಚಾಪೆ ಹಾಸಿಕೊಂಡು ಕಣ್ಣು ಮುಚ್ಚುತ್ತಾರೆ. ಇದಕ್ಕೆ ಶಾಂತಿ ಶಿಬಿರ ಅನ್ನುತ್ತಾರೆ. ಬಡವನಿಗೂ ಇಲ್ಲಿ ಶಾಂತಿ ಸಿಕ್ಕಿದೆ ಎಂದು ಬ್ಯಾನರಿನಲ್ಲಿ ತೋರಿಸಲು ಒಬ್ಬ ಬಡವ ಬೇಕಾಗಿದ್ದ. ಅದಕ್ಕೆ ನನ್ನನ್ನು ಖಾಲಿ ಗೊಬ್ಬರ ಚೀಲದ ಮೇಲೆ ಕಾಲು ಮಡಚಿ ಕೂಡ್ರಿಸಿದ್ದರು. ಕೇರಿಯವನು ಮುಟ್ಟಿದ ಚಾಪೆಯ ಮೇಲೆ ಆಮೇಲೆ ಡಾಕ್ಟರ ಹೆಂಡತಿ ಹೇಗೆ ಕುಳಿತಾಳು? ಚೀಲ ಕಾಣದ ಹಾಗೆ ಲಿಂಬೆ ಎಲೆ ಹರಡಿದ್ದರು. ಎಲೆಗಳ ಜೊತೆ ಮುಳ್ಳೂ ಇದ್ದವು. ಆ ನಗುವಿನ ಕೆಳಗೆ ನನ್ನ ಕುಂಡಿ ಉರಿಯುತ್ತಿತ್ತು, ಅದು ಬ್ಯಾನರಿನಲ್ಲಿ ಕಾಣುವುದಿಲ್ಲ.

ಸುಳ್ಳು ಯಾಕೆ ಹೇಳಲಿ, ಧ್ಯಾನ ನನಗೆ ಹಿತವಾಯಿತು. ಕಲಿಸಲು ಹುಬ್ಬಳ್ಳಿ ಕಡೆಯಿಂದ ತಿಂಗಳು ಮೊದಲೇ ಬಂದ ಚೇತನಕುಮಾರ ಸರ್ ಒಳ್ಳೆಯ ಮನುಷ್ಯ. ಕೆಲಸ ಮುಗಿದ ಮೇಲೆ ನನ್ನನ್ನು ಕರೆದು, ಉಸಿರು ಬರುವುದನ್ನು ಹೋಗುವುದನ್ನು ನೋಡು, ಯಾರಾದರೂ ಬೈದರೆ ಅದೂ ಬಂತು ಹೋಯಿತು ಎಂದು ನೋಡು ಅಂದರು. ನೋಡಿದೆ. ಸಾವಕಾರ ಅವ್ವ ಅಕ್ಕ ಎಲ್ಲ ಬಿಡದೆ ಬೈದ. ಬಂತು, ಹೋಯಿತು. ಮೊದಲು ಅಂಥ ಬೈಗುಳ ತಿಂದ ದಿನ ಉಣ್ಣದೆ ತಾಟು ಸರಿಸುತ್ತಿದ್ದೆ. ಈಗ ಗಡದ್ದಾಗಿ ಉಣ್ಣತೊಡಗಿದೆ. ಸಾವಕಾರನಿಗೂ ಖುಷಿಯಾಯಿತು. ಒಂದು ಬಿಳಿ ಅಂಗಿ ಕೊಡಿಸಿ, ಕೇರಿಯ ಕಡೆಗಿನ ಗೇಟಿನ ಕೀಲಿಯನ್ನು ನನ್ನ ಕೈಗೆ ಹಾಕಿದ.

"ಒಳಗ ಕುಂತಾಗ ಒಂದ ನಾಯಿ ಬೊಗಳಬಾರ್ದ ನೋಡ. ನಿಮ್ಮ ಕೇರಿ ಮಂದಿಗೆ ಹೇಳಿಬಿಡು."

"ಹೇಳ್ತೇನಿ ತಗೋರಿ."

ಕೇರಿಯಿಂದ ಟಾರ್ ರೋಡಿಗೆ, ರೋಡಿನಾಚೆಯ ನಮ್ಮ ಸ್ಮಶಾನಕ್ಕೆ ಹೋಗಲು ತೋಟದ ನಡುವಿನ ಗಾಡಿ ಹಾದಿ ಬಿಟ್ಟರೆ ಹಳ್ಳದೊಳಗೆ ಇಳಿದು ಸುತ್ತು ಹಾಕಬೇಕು. ಆ ಗಾಡಿ ಹಾದಿ ಸಾವಕಾರನ ಅಜ್ಜನಿಗಿಂತ ಹಳೆಯದು. ಗೇಟು ಮಾತ್ರ ಹೊಸದು.

ಶಿಬಿರದ ಎರಡನೆಯ ದಿನ ಬೆಳಿಗ್ಗೆ ಎಲ್ಲರೂ ಆಗಷ್ಟೇ ಕಣ್ಣು ಮುಚ್ಚಿದ್ದರು. ಅಬ್ದುಲರಜಾಕನ ಟೆಂಪೋ ಗಡಗಡ ಬಂದು ಗೇಟಿಗೆ ಮೂತಿ ಹಚ್ಚಿ ನಿಂತಿತು. ಹಿಂದೆ ನನ್ನ ದೊಡ್ಡವ್ವ ಮರೆವ್ವ ಎದೆ ಹಿಡಿದುಕೊಂಡು ಮುದುಡಿ ಕುಳಿತಿದ್ದಳು. ಮಗಳು ಶಂಕ್ರೆವ್ವ ಅವಳನ್ನು ತಬ್ಬಿ ಹಿಡಿದಿದ್ದಳು. ನಮ್ಮವ್ವ ಸತ್ತ ಮೇಲೆ ತನ್ನ ಮಗಳ ತಾಟಿನಿಂದ ರೊಟ್ಟಿ ಮುರಿದು ನನಗೆ ತಿನ್ನಿಸಿ ಬೆಳೆಸಿದವಳು ಈ ದೊಡ್ಡವ್ವ.

"ಗೇಟ ತಗಿ ಲಗೂನ. ಮುದುಕಿಗೆ ಎದಿ ಹಿಡದೈತಿ, ಇಂಡಿ ದವಾಖಾನಿಗೆ ಒಯ್ಯಬೇಕು," ಅಂದ ಅಬ್ದುಲರಜಾಕ.

"ಒಳಗ ಕುಂತಾರ. ಗಾಡಿ ಬಿಡಬ್ಯಾಡ ಅಂದಾನ ಸಾವಕಾರ. ಹಳ್ಳದ ಕಡಿಂದ ಹೋಗು."

"ಹಳ್ಳದಾಗ ಮೊಳಕಾಲಮಟ ರಾಡಿ ಐತೋ ಹುಚ್ಚಾ! ಗಾಡಿ ಸಿಕ್ಕೊಳ್ಳತೈತಿ."

"ಸಿಕ್ಕೊಳ್ಳೂದಿಲ್ಲ. ನೀ ಸಮಾಧಾನ ತಗೋ."

ಶಂಕ್ರೆವ್ವ ಬಾಯಿ ತೆಗೆದಳು. "ಗಾಡ್ಯಾಗ ಯಾರ ಅದಾರ ನೋಡೋ! ನಿನ್ನ ಕುಂಡಿ ತೊಳದಾಕಿ ಅದಾಳ. ತಗಿಯೋ ಹಾಟ್ಯಾ!"

ನಾನು ತುಟಿಯ ಮೇಲೆ ಬೆರಳಿಟ್ಟು ಶ್ ಅಂದೆ.

ದೊಡ್ಡವ್ವ ತಲೆ ಎತ್ತಿದಳು. ಉಸಿರು ಸಾಲುತ್ತಿರಲಿಲ್ಲ. ಆದರೂ ದಿನಾ ಕೇಳುವ ಹಾಗೆ ಕೇಳಿದಳು. "ಗುರಣ್ಣಾ, ಉಂಡಿಯೇನಪಾ?"

"ಹೂಂ ದೊಡ್ಡವ್ವ," ಅಂದೆ.

ಅಬ್ದುಲರಜಾಕ ಹಲ್ಲು ಕಡಿದು ಟೆಂಪೋ ತಿರುಗಿಸಿದ. ಕೀಲಿ ನನ್ನ ಕಿಸೆಯಲ್ಲಿತ್ತು. ಹೆದರಿ ತೆಗೆಯಲಿಲ್ಲ ಅಂದರೆ ಇವತ್ತು ಒಂದು ನೆಪವಾದರೂ ಇರುತ್ತಿತ್ತು. ನಾನು ಹೆದರಿರಲಿಲ್ಲ. ಮನಸ್ಸು ತಿಳಿನೀರಿನ ಹಾಗೆ ಇತ್ತು. ದೊಡ್ಡವ್ವ ಬಂದಳು, ಹೋದಳು ಎಂದು ನೋಡಿದೆ. ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನಿಸುತ್ತದೆ. ಥೂ.

ಬಿಸಿಲು ಏರುವ ಹೊತ್ತಿಗೆ ಅಬ್ದುಲರಜಾಕ ನಡೆದುಕೊಂಡು ಬಂದ. ಕಾಲೆಲ್ಲ ಕೆಸರು. "ಗಾಡಿ ಹಳ್ಳದಾಗ ಸಿಕ್ಕೈತಿ. ಮುದುಕಿ ಅಲ್ಲೇ ಹೋದ್ಳು," ಅಂದ. ಅವನು ಬೈಯಲಿ ಎಂದು ನಾನು ಕಾಯುತ್ತ ನಿಂತೆ. ಅವನು ಬೈಯದೆ ತಿರುಗಿ ಹೋದ.

ಸಾವಕಾರ ಪೆಂಡಾಲಿನ ಹಿಂದೆ ಚಹಾ ಕುಡಿಯುತ್ತಿದ್ದ. ದೂರ ನಿಂತು ಹೇಳಿದೆ. "ದೊಡ್ಡವ್ವ ತೀರಿಕೊಂಡಾಳ್ರಿ. ಮಧ್ಯಾಹ್ನ ಮಣ್ಣು. ತೋಟದ ಹಾದಿಲೆ ಒಯ್ತೇವ್ರಿ."

"ಯಾರಲೇ, ಆ ಮರೆವ್ವಿ? ಹೋತ ಮುದಿಗೂಬಿ. ಹಳ್ಳದ ಕಡಿಂದ ಒಯ್ರಿ."

"ಅಲ್ಲಿ ರಾಡಿ ಐತ್ರಿ. ಹೆಣ ಹೊತ್ತು ಕಾಲ ಜಾರಿದ್ರ..."

"ಹಂಗಾರ ನಾಳೆ ಒಯ್ರಿ, ಶಿಬಿರ ಮುಗೀಲಿ. ಹೆಣಕ್ಕೇನ ಬಸ್ ತಪ್ಪತೈತೇನಲೇ? ಹಲಿಗಿ ಗಿಲಿಗಿ ಆವಾಜ ಕೇಳಿತಂದ್ರ ಕೈ ಮುರೀತೇನಿ."

ಮಾತು ಬಂತು. ಹೋಗಲಿಲ್ಲ. ಎದೆಯಲ್ಲಿ ನಟ್ಟುಕೊಂಡು ಕುಳಿತಿತು.

ಚೇತನಕುಮಾರ ಸರ್ ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಗಿಡದ ಕೆಳಗೆ ಕರೆದೊಯ್ದು ಹೆಗಲ ಮೇಲೆ ಕೈ ಇಟ್ಟರು. ಊರಿನವರ ಕೈ ನನ್ನ ಹೆಗಲಿಗೆ ಬಿದ್ದದ್ದೆಲ್ಲ ಹೊಡೆಯಲಿಕ್ಕೇ. ಈ ಕೈ ಬೆಚ್ಚಗಿತ್ತು.

"ಗುರಣ್ಣಾ, ನಿನ್ನಿಂದ ತಪ್ಪಾಯ್ತು ಅಂತ ಒಳಗೆ ಕುದೀತಾ ಇದೀಯ. ಅದನ್ನ ಹಿಡ್ಕೋಬೇಡ. ಬಾ, ಸ್ವಲ್ಪ ಹೊತ್ತು ಕೂತ್ಕೋ. ಉಸಿರು ನೋಡು. ಅದೂ ಹೊರಟು ಹೋಗ್ತದೆ."

"ಹೋಗತೈತಿ ಅನ್ನೂದು ಗೊತ್ತೈತ್ರಿ ಸರ. ಅದಕ್ಕ ಬ್ಯಾಡ ಅನ್ನಾಕತ್ತೇನಿ."

"ಹಿಡ್ಕೊಂಡ್ರೆ ನಿನಗೇ ನೋವು."

"ಆಗ್ಲಿ ಬಿಡ್ರಿ. ನನ್ನ ಸಿಟ್ಟ ತಗೊಂಡ್ರಿ, ಕೊಟ್ಟೆ. ನಾಚಿಕಿ ತಗೊಂಡ್ರಿ, ಕೊಟ್ಟೆ. ಇದೊಂದ ನನ್ನ ಕಡೆ ಇರಲಿ. ಕೈ ಮುಗಿತೇನಿ, ಇದನ್ನ ಕಸಗೋಬ್ಯಾಡ್ರಿ."

ಅವರು ಕೈ ತೆಗೆದರು. ನಾನು ಕೇರಿಗೆ ಓಡಿದೆ.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕಾಲು ಮಡಚಿ ಕೂಡ್ರಿಸುತ್ತಾರೆ, ಕೂತಂತೆಯೇ ಹೊತ್ತು ಒಯ್ಯುತ್ತಾರೆ. ದೊಡ್ಡವ್ವನನ್ನು ಕೂಡ್ರಿಸಿದ್ದರು. ಹಣೆಗೆ ಅರಿಶಿನದ ಭಂಡಾರ, ಬಾಯಿಗೆ ಎಲೆ ಅಡಿಕೆ, ಕಣ್ಣು ಮುಚ್ಚಿತ್ತು. ಲಿಂಬೆ ಹರಿದು ಹರಿದು ಗೀರು ಬಿದ್ದ ಕೈಗಳನ್ನು ತೊಡೆಯ ಮೇಲೆ ಇಟ್ಟಿದ್ದರು. ಹತ್ತಿರ ಹೋದೆ. ಶಂಕ್ರೆವ್ವ ಎದ್ದು ಬಂದವಳೇ ನನ್ನ ಕಪಾಳಕ್ಕೆ ಬಾರಿಸಿದಳು.

"ಆ ಬಿಳೀ ಅಂಗಿ ತೊಟಗೊಂಡು ನಮ್ಮವ್ವನ ಮುಂದ ಬರಬ್ಯಾಡ."

ಅಂಗಿ ಕಳಚಿ ಬಿಸಾಡಿದೆ. ಬರಿಮೈಯಲ್ಲೇ ನಿಂತೆ. ಶಂಕ್ರೆವ್ವನ ಗಂಡ ಕಾಂತು ಬಿದಿರಿನ ಚಟ್ಟ ಕಟ್ಟುತ್ತಿದ್ದ. ಕೈ ಹಚ್ಚಲು ಹೋದರೆ, "ನೀ ಹೆಗಲ ಕೊಡಬ್ಯಾಡ," ಅಂದ.

"ಕೊಡೂದಿಲ್ಲ. ತೋಟದ ಹಾದಿಲೆ ಹೋಗೂನು ಬರ್ರಿ. ಗೇಟ ತಗೀತೇನಿ."

"ಬೆಳಿಗ್ಗಿ ಎಲ್ಲಿ ಸತ್ತಿದ್ದೆಲೇ?" ಅಂದ ಕಾಂತು.

ಶಂಕ್ರೆವ್ವ ಕಣ್ಣೊರೆಸಿಕೊಂಡಳು. "ನಡೀರಿ. ತೋಟದ ಹಾದಿಲೇ ನಡೀರಿ. ಒಬ್ರೂ ಅಳಬ್ಯಾಡ್ರಿ. ಹಲಿಗಿ ಬ್ಯಾಡ. ಅವ್ರಿಗೆ ಆವಾಜ ಬ್ಯಾಡ ಅಲ್ಲ, ಮಾಡೂದು ಬ್ಯಾಡ."

ನಾನು ಗೇಟು ತೆಗೆದೆ. ಮಧ್ಯಾಹ್ನದ ಧ್ಯಾನ ನಡೆದಿತ್ತು. ಪೆಂಡಾಲಿನ ತುಂಬ ಜನ ಕಣ್ಣು ಮುಚ್ಚಿ ಕುಳಿತಿದ್ದರು. ಕೇರಿಗೆ ಕೇರಿಯೇ ಬರಿಗಾಲಲ್ಲಿ ಹೆಜ್ಜೆಯ ಸಪ್ಪಳವಿಲ್ಲದೆ ಒಳಗೆ ಬಂತು. ಪೆಂಡಾಲಿನ ಪಕ್ಕ ಹಾದು ಹೋಗುವುದು ಎಂದು ನಾನು ಅಂದುಕೊಂಡಿದ್ದೆ. ಶಂಕ್ರೆವ್ವ ಒಳಗೇ ನಡೆದಳು. ವೇದಿಕೆಯ ಮುಂದೆ ನಿಂತು ನೆಲಕ್ಕೆ ಬೆರಳು ತೋರಿಸಿದಳು. ಚಟ್ಟ ಇಳಿಸಿದರು. ದೊಡ್ಡವ್ವ ಡಾಕ್ಟರು ವಕೀಲರ ಎದುರಿಗೆ, ಅವರ ಹಾಗೆಯೇ ಕಾಲು ಮಡಚಿ, ಅವರ ಹಾಗೆಯೇ ಕಣ್ಣು ಮುಚ್ಚಿ ಕುಳಿತಳು. ಅವಳ ಸುತ್ತ ನಾವೂ ಕುಳಿತೆವು.

ಮೊದಲು ಒಬ್ಬ ಡಾಕ್ಟರು ಮೂಗು ಸೊಟ್ಟ ಮಾಡಿ ಕಣ್ಣು ತೆರೆದರು. ಆಮೇಲೆ ಅವರ ಹೆಂಡತಿ. ಆಮೇಲೆ ಸಾಲಿಗೆ ಸಾಲು. ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಮೌನ ಮುಗಿಯಿತೆಂದು ಗಂಟೆ ಹೊಡೆಯುವ ತನಕ ಮಾತಾಡಿದರೆ, ಎದ್ದರೆ ಎಲ್ಲರ ಫಲವೂ ಕೆಡುತ್ತದೆ ಎಂದು ಸಾವಕಾರನೇ ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದ. ಆ ಗಂಟೆ ಹೊಡೆಯುವ ಕೆಲಸ ನನ್ನದು. ವೇದಿಕೆಯ ಮಗ್ಗುಲಲ್ಲಿ ನೇತು ಹಾಕಿದ್ದರು, ಕೂಡುವ ಮೊದಲೇ ಅದರ ಕೊಡತಿ ಎತ್ತಿಕೊಂಡಿದ್ದೆ.

ಸಾವಕಾರ ವೇದಿಕೆಯ ಮೇಲೆ ಕೆಂಪಗಾಗಿ ಕುಳಿತಿದ್ದ. ಹೊಡಿ ಎಂದು ಕೈ ಮಾಡಿದ. ನಾನು ಕೊಡತಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಹಲ್ಲು ಕಡಿದ, ಕಣ್ಣು ಬಿಟ್ಟ, ಕೊಯ್ಯುತ್ತೇನೆಂದು ಕುತ್ತಿಗೆಯ ಮೇಲೆ ಬೆರಳು ಎಳೆದ. ಅವನ ತುಟಿಯ ಮೇಲೆ ನಮ್ಮವ್ವನ, ಅಕ್ಕನ ಬೈಗುಳಗಳೆಲ್ಲ ಹೊರಗೆ ಬರಲಾರದೆ ಒದ್ದಾಡುತ್ತಿದ್ದವು. ಕಡೆಗೆ ದೊಡ್ಡ ದೊಡ್ಡ ಮಂದಿಯತ್ತ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಮುಗಿದ. ಸಾವಕಾರನ ಮನೆತನ ನಮ್ಮ ಕೇರಿಗೆ ಕೈ ಮುಗಿದದ್ದು ಅದೇ ಮೊದಲು. ಚೇತನಕುಮಾರ ಸರ್ ಒಬ್ಬರೇ ಇನ್ನೂ ಕಣ್ಣು ತೆರೆದಿರಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಇದೆಲ್ಲ ನೋಡಿ ನನ್ನ ಎದೆ ಹಗುರಾಗಬೇಕಿತ್ತು. ಎಲ್ಲಿಯ ಹಗುರ! ದೊಡ್ಡವ್ವ ಬೆಳಿಗ್ಗೆ ಈ ಹಾದಿಯಲ್ಲಿ ಜೀವಂತ ಹೋಗಬಹುದಿತ್ತು.

ಲಿಂಬೆಯ ಸೊಗಡಿನ ನಡುವೆ ನೊಣಗಳು ಬಂದವು. ದೊಡ್ಡವ್ವನ ತುಟಿಯ ಮೇಲೆ, ಹಣೆಯ ಭಂಡಾರದ ಮೇಲೆ ಕುಳಿತವು. ಶಂಕ್ರೆವ್ವ ಸೆರಗಿನಿಂದ ಓಡಿಸಿದಳು. ಕೈ ಸೋತಿತು. ನನ್ನ ಮುಖ ನೋಡದೆ, ಕಾಂತುವಿನ ಹೆಗಲ ಮೇಲಿನ ವಸ್ತ್ರ ಎಳೆದು ನನ್ನ ಕಡೆ ಒಗೆದಳು.

ನಾನು ವಸ್ತ್ರ ಬೀಸುತ್ತ ಕುಳಿತೆ. ಸಾವಕಾರನ ಕೈ ಇನ್ನೂ ಜೋಡಿಸಿಯೇ ಇತ್ತು.