ಅರ್ಧಕ್ಕೇ ನಿಂತ ಮಾತು

ಲಿಫ್ಟ್ ರಿಪೇರಿ ಮಾಡುವವರ ಆನ್‌ಲೈನ್ ಗುಂಪೊಂದರಲ್ಲಿ ನಾನಿದ್ದೆ. ಅಲ್ಲಿ ಯಾರ ಫೋನ್ ನಂಬರೂ ಕಾಣುವುದಿಲ್ಲ, ಬರೀ ಅಡ್ಡಹೆಸರು. ನನ್ನದು ‘ಒಂಬತ್ತು ಬೆರಳು’; ಎಡಗೈ ಕಿರುಬೆರಳನ್ನು ಲಿಫ್ಟೇ ತಿಂದಿದೆ. ಅಡ್ಮಿನ್‌ಗೆ ನಾವಿಟ್ಟ ಹೆಸರು ಹೆಡ್‌ಮಾಸ್ಟರ್. ಹೇಳುವುದನ್ನೆಲ್ಲ ಒಂದೇ ಮೆಸೇಜಿನಲ್ಲಿ ಹೇಳಬೇಕೆಂಬುದು ಅವನ ಕಟ್ಟಪ್ಪಣೆ. ನನಗೋ ಒಂದೊಂದೇ ಸಾಲು ಕಳಿಸುವ ಚಟ. ಎರಡು ಸಲ ಎಚ್ಚರಿಸಿದ. “ತುತ್ತು ತುತ್ತಾಗಿ ತಿಂದ್ರೇನೇ ಅರಗೋದು, ಹೆಡ್‌ಮಾಸ್ಟ್ರೇ” ಎಂದು ಎಲ್ಲರೆದುರೇ ಕಿಚಾಯಿಸಿದೆ. ನನ್ನ ನಾಲಿಗೆ ಚುರುಕು, ಬುದ್ಧಿ ಮೊಂಡು.

ಆ ಮಧ್ಯಾಹ್ನ ‘ಸ್ಪ್ಯಾನರ್’ ಎಂಬ ಹೊಸಬ ಬರೆದ: “ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತಿದೆ. ಒಳಗೆ ತಾಯಿ, ಮಗು. ನಾನೊಬ್ನೇ ಇದೀನಿ, ಕಂಪನಿಯೋರು ಯಾರೂ ಫೋನ್ ಎತ್ತುತ್ತಿಲ್ಲ. ಕೈಯಲ್ಲಿ ಹೇಗೆ ಇಳಿಸೋದು?”

“ಮೇಲೆ ಮೆಷಿನ್ ರೂಮಿಗೆ ಹೋಗು” ಎಂದು ಕಳಿಸಿದೆ. “ಬ್ರೇಕ್ ಸಡಿಲಿಸಿ ಚಕ್ರ ಕೈಯಲ್ಲಿ ತಿರುಗಿಸು” ಎಂದು ಕಳಿಸಿದೆ. “ಅದಕ್ಕೂ ಮೊದಲು ಮೇನ್ ಸ್ವಿಚ್ ಆಫ್ ಮಾಡು” ಎಂದು ಬರೆದು ಒತ್ತಿದರೆ ಹೋಗಲೇ ಇಲ್ಲ. ಪರದೆಯ ಮೇಲೆ ಬೇರೆಯದೇ ಸಾಲು: ಅಡ್ಮಿನ್ ನಿಮ್ಮನ್ನು ಗುಂಪಿನಿಂದ ತೆಗೆದಿದ್ದಾರೆ.

ಮೊದಲು ಸಿಟ್ಟು ಬಂತು. ಮರುಗಳಿಗೆಗೆ ಸ್ಪ್ಯಾನರ್ ನೆನಪಾದ. ಕರೆಂಟ್ ಇದ್ದರೆ ಮೋಟರು ಯಾವಾಗ ಬೇಕಾದರೂ ತಿರುಗೀತು. ನನ್ನ ಬೆರಳು ಹೋದದ್ದೇ ಹಾಗೆ. ಇವನದು ಬೆರಳಿಗೇ ಮುಗಿಯುತ್ತದೆಂದು ಯಾರು ಹೇಳಬೇಕು? ಅರ್ಧ ಮಾತು ಅವನ ಹತ್ತಿರ, ಉಳಿದರ್ಧ ನನ್ನ ಹತ್ತಿರ.

ನನ್ನ ಫೋನಿನಿಂದ ಇನ್ನು ಗುಂಪಿನೊಳಗೆ ಹೋಗುವಂತಿರಲಿಲ್ಲ; ಹೆಂಡತಿಯ ಕೈಯಿಂದ ಅವಳ ಫೋನ್ ಕಿತ್ತುಕೊಂಡೆ.

“ಏನ್ರೀ ಆಯ್ತು? ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ?”

“ನನ್ನಿಂದ ಒಬ್ಬನ ಕೈ ಹೋಗುತ್ತೆ ಕಣೇ. ಆ ಹೆಡ್‌ಮಾಸ್ಟರ್ ನನ್ನನ್ನ ಆಚೆ ಹಾಕ್ಬಿಟ್ಟ.”

“ಹಂಗಾದ್ರೆ ಬೈಕೊಂಡು ನಿಂತ್ಕೋಬೇಡಿ. ಕಾಲು ಹಿಡೀರಿ.”

ಗುಂಪು ಸೇರಲು ಕಾರಣ ಕೇಳುವ ಜಾಗದಲ್ಲಿ ಅವಳ ಫೋನಿನಿಂದ ಬರೆದೆ: “ನಾನು ಒಂಬತ್ತು ಬೆರಳು. ತಪ್ಪಾಯ್ತು, ಕಾಲಿಗೆ ಬೀಳ್ತೀನಿ. ಬ್ರೇಕ್ ಮುಟ್ಟೋ ಮೊದಲು ಮೇನ್ ಸ್ವಿಚ್ ಆಫ್ ಮಾಡು ಅಂತ ಸ್ಪ್ಯಾನರ್‌ಗೆ ಹೇಳಿ.”

‘ಪರಿಶೀಲನೆಯಲ್ಲಿದೆ’ ಎಂದಿತು ಫೋನು. ಒಂದು ನಿಮಿಷ. ಎರಡು. ಆ ಮಹಾರಾಯ ಊಟಕ್ಕೆ ಕೂತಿದ್ದರೆ? ಗೊರಕೆ ಹೊಡೆಯುತ್ತಿದ್ದರೆ? ಬೆವರಿಗೆ ಫೋನ್ ಜಾರುತ್ತಿತ್ತು. ಕಂಡಿರದ ದೇವರಿಗೂ ಕೈಮುಗಿದೆ.

ನಾಲ್ಕನೇ ನಿಮಿಷಕ್ಕೆ ಒಳಗೆ ಬಿಟ್ಟ. ನನ್ನ ಎರಡು ಸಾಲಿನ ಕೆಳಗೆ ಸ್ಪ್ಯಾನರ್ ಬರೆದಿದ್ದ: “ಸರಿ ಅಣ್ಣ, ಹೋಗ್ತಿದೀನಿ.” ಅದರ ಕೆಳಗೆ ಹೆಡ್‌ಮಾಸ್ಟರ್, ಒಂದೇ ಮಾತನ್ನು ಏಳು ಮೆಸೇಜಿನಲ್ಲಿ ಏಳು ಸಲ: “ಮೇನ್ ಸ್ವಿಚ್ ಆಫ್ ಮಾಡು.”

ಹೆಂಡತಿ ನನ್ನ ರಟ್ಟೆ ಹಿಡಿದುಕೊಂಡಳು.

ಆಮೇಲೆ ಸ್ಪ್ಯಾನರ್‌ನ ಉತ್ತರ ಬಂತು: “ಆಫ್ ಮಾಡಿದೆ. ಬ್ರೇಕ್ ಮೇಲೇ ಕೈ ಇಟ್ಟಿದ್ದೆ ಅಣ್ಣ. ಮುಂದೇನು? ಮಗು ಅಳ್ತಿದೆ.”

“ಒಂಬತ್ತು ಬೆರಳು, ನೀನೇ ಹೇಳು” ಎಂದ ಹೆಡ್‌ಮಾಸ್ಟರ್.

ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದೆ. ಓದಿದೆ. ಮತ್ತೆ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಕಳಿಸಲು ಮಾತ್ರ ಬೆರಳು ಏಳಲಿಲ್ಲ. ಕೊನೆಗೆ ಅವಳೇ ಒತ್ತಿದಳು.