ಲ್ಯಾಪ್‌ಟಾಪಿಗೂ ಸೌನಾ

೨೦೨೨ನೇ ಇಸವಿ ಫೆಬ್ರುವರಿ ಐದು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆರ್ವಿಡ್ ಪೆಲ್ಕೊಲ ತನ್ನ ಮನೆಯ ಬೆಕ್ಕನ್ನು ಮುಟ್ಟಿದ. ಚಟ್ ಎಂದು ಕಿಡಿ ಹಾರಿತು. ಬೆಕ್ಕು ಅವನನ್ನು ಒಮ್ಮೆ ದುರುಗುಟ್ಟಿ ನೋಡಿ ಸೋಫಾದ ಕೆಳಗೆ ಸರಿದುಹೋಯಿತು. ಅದು ಅಲ್ಲಿಗೆ ವಿಷಯವನ್ನು ಮುಗಿಸಿತು. ಆರ್ವಿಡ್ ಮುಗಿಸಲಿಲ್ಲ.

ಎದುರಿಗೆ ಮೇಜಿನ ಮೇಲೆ ಅವನ ಹೆಂಡತಿ ಮಾರ್ಲಿಸಳ ಲ್ಯಾಪ್‌ಟಾಪ್ ಮಗುಚಿ ಮಲಗಿತ್ತು. ಪಕ್ಕದಲ್ಲಿ ಆಗಷ್ಟೇ ಅಂಚೆಯಲ್ಲಿ ಬಂದ ಲಕೋಟೆ. ಅದರೊಳಗೆ ಚೂಯಿಂಗ್ ಗಮ್ ಪಟ್ಟಿಯಷ್ಟಗಲದ ಹೊಸ ಮೆಮೊರಿ. ಹಿಮ ಬಿದ್ದು ರಸ್ತೆ ಮುಚ್ಚಿದ್ದರಿಂದ ಬುಧವಾರ ಬರಬೇಕಾದ್ದು ಇವತ್ತು ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಮಾರ್ಲಿಸಳಿಗೆ ಪರೀಕ್ಷೆ.

ಮಾರ್ಲಿಸ್ ಹ್ಯಾನ್‌ಕಾಕ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ದುಡಿದವಳು. ಆ ಅಡುಗೆಮನೆ ಮುಚ್ಚಿದ ಮೇಲೆ, ಐವತ್ತಾರನೆಯ ವಯಸ್ಸಿನಲ್ಲಿ, ಔಷಧ ಅಂಗಡಿಯ ಸಹಾಯಕಿಯ ಪರೀಕ್ಷೆಗೆ ಓದಲು ಕೂತಿದ್ದಳು. ಪಾಸಾದರೆ ಸೋಮವಾರದಿಂದಲೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ಇವತ್ತು ತಪ್ಪಿದರೆ ಮುಂದಿನ ಪರೀಕ್ಷೆ ಮೇ ತಿಂಗಳಿಗೆ, ಕೆಲಸ ಇನ್ನೊಬ್ಬರಿಗೆ. ಪರೀಕ್ಷೆಯನ್ನು ಮನೆಯಲ್ಲೇ, ತನ್ನ ಹೆಸರಿನಲ್ಲಿ ನೋಂದಾಯಿಸಿದ ಕಂಪ್ಯೂಟರಿನಲ್ಲೇ ಬರೆಯಬೇಕು. ಆ ಪರೀಕ್ಷೆಯ ತಂತ್ರಾಂಶಕ್ಕೆ ಕಡೇಪಕ್ಷ ಎಂಟು ಜಿಬಿ ಮೆಮೊರಿ ಬೇಕು. ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ನಾಲ್ಕು. ಲಕೋಟೆಯಲ್ಲಿ ಬಂದ ಪಟ್ಟಿಯದು ಇನ್ನೊಂದು ಎಂಟು.

"ಸೇತುವೆ ಆಚೆ ಅಂಗಡಿಗೆ ಕೊಟ್ಟರೆ ಕಾಫಿ ಕುಡಿಯೋದ್ರೊಳಗೆ ಹಾಕಿಕೊಡ್ತಾರಂತೆ" ಎಂದು ಮಾರ್ಲಿಸ್ ವಾರದ ಮೊದಲೇ ಹೇಳಿದ್ದಳು.

"ಅದಕ್ಕೆ ಅಂಗಡಿ ಯಾಕೆ? ನಾಲ್ಕು ಸ್ಕ್ರೂ ಬಿಚ್ಚೋದು, ಒಂದು ಪಟ್ಟಿ ಸಿಕ್ಕಿಸೋದು. ನಾನು ವಿಜ್ಞಾನ ಓದಿದವನು ಕಣೇ."

"ಅದಕ್ಕೇ ಭಯ" ಎಂದಿದ್ದಳು ಅವಳು.

ಇರಲಾರದೆ ಇರುವೆ ಬಿಟ್ಟುಕೊಳ್ಳುವ ಜಾತಿಯಲ್ಲಿ ಆರ್ವಿಡ್‌ಗೆ ಮೊದಲ ಪಂಕ್ತಿಯಲ್ಲೇ ಎಲೆ. ಮೂವತ್ತು ವರ್ಷ ಕಾಲೇಜಿನಲ್ಲಿ ಹವಾಮಾನ ವಿಜ್ಞಾನ ಕಲಿಸಿ ನಿವೃತ್ತನಾದವನು. ಉಳಿದವರು ಮೆಮೊರಿ ಪಟ್ಟಿಯನ್ನು ಕಂಡರೆ ಅವನು ಅದರ ಮೇಲೆ ಹಾರಬಹುದಾದ ಕಿಡಿಯನ್ನು ಕಾಣುತ್ತಿದ್ದ. ನವೆಂಬರಿನಿಂದ ಆರದ ಸೌದೆ ಒಲೆ, ಉಣ್ಣೆಯ ಕಾಲುಚೀಲ, ಕಾಲಡಿ ದಪ್ಪ ಜಮಖಾನ. ಗೋಡೆಯ ತೇವಮಾಪಕ ನೂರಕ್ಕೆ ಹದಿನಾಲ್ಕು ಎನ್ನುತ್ತಿತ್ತು. ಇಂಥ ಒಣಗಾಳಿಯಲ್ಲಿ ಬೆಕ್ಕಿಗೆ ಆದದ್ದು ಮೆಮೊರಿಗೆ ಆದರೆ ಅದು ಕೈಗೆ ತಗಲುವ ಮೊದಲೇ ಸತ್ತಂತೆ. ನೀರಿನ ನಲ್ಲಿ ಮುಟ್ಟಿ ಮೈಯ ಕಿಡಿ ಕಳೆದುಕೊಂಡರೆ ಸಾಕಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅದು ತೀರಾ ಸುಲಭವಾದ್ದರಿಂದ ಅವನಿಗೆ ಅದರ ಮೇಲೆ ಗೌರವವಿರಲಿಲ್ಲ.

ಹಾಗಾಗಿ ಲ್ಯಾಪ್‌ಟಾಪನ್ನೂ ಲಕೋಟೆಯನ್ನೂ ಎತ್ತಿಕೊಂಡು ಗ್ಯಾರೇಜಿಗೆ ನಡೆದ. ಅಲ್ಲಿ ಸಿಮೆಂಟು ನೆಲ. ಜಮಖಾನವಿಲ್ಲ, ಒಲೆಯಿಲ್ಲ, ಬೆಕ್ಕಿಲ್ಲ. ಸೊನ್ನೆಗಿಂತ ಹತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ ಮಾತ್ರ ಇತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಂಬದಿಯ ಮುಚ್ಚಳ ಬಿಚ್ಚುವ ಹೊತ್ತಿಗೆ ಬೆರಳುಗಳು ಯಾರದೋ ಬೆರಳುಗಳಾಗಿದ್ದವು. ಒಂದು ಸ್ಕ್ರೂ ಹಿಮ ತಳ್ಳುವ ಯಂತ್ರದ ಕೆಳಗೆ ಉರುಳಿತು. ಅದನ್ನು ಹುಡುಕುತ್ತ ಅವನು ಹೊಟ್ಟೆಯ ಮೇಲೆ ಮಲಗಿದ್ದಾಗ ಗ್ಯಾರೇಜಿನ ಬಾಗಿಲಲ್ಲಿ ದೊಡ್ಡ ಬೂಟುಗಳು ಕಂಡವು. ಮಾರ್ಲಿಸಳ ಅಣ್ಣ ರೇನೊ. ಪ್ರತಿ ಶನಿವಾರ ಬಂದು ಹಿತ್ತಿಲ ಸೌನಾಕ್ಕೆ, ಅಂದರೆ ಉಗಿಸ್ನಾನದ ಮನೆಗೆ, ಬೆಂಕಿ ಹಾಕುವುದು ಅವನ ಪಾಲಿನ ಕೆಲಸ.

"ಏನ್ ಭಾವಯ್ಯ, ನಮಸ್ಕಾರ ಯಾವ ದೇವರಿಗೆ?"

"ಸ್ಕ್ರೂ ಬಿದ್ದಿದೆ. ಮಾರ್ಲಿಸ್‌ದು ಮೆಮೊರಿ ಹೆಚ್ಚಿಸ್ತಾ ಇದ್ದೀನಿ."

"ಅವಳದು ಚೆನ್ನಾಗೇ ಇದೆಯಲ್ಲ. ನಾನು ತೊಂಬತ್ತಾರರಲ್ಲಿ ಒಯ್ದು ವಾಪಸ್ ಕೊಡದ ದೋಣೀನ ಇನ್ನೂ ನೆನಪಿಟ್ಟಿದಾಳೆ. ಒಂದಿಷ್ಟು ನಿನ್ನ ತಲೆಗೆ ಹಾಕ್ಕೋ" ಎಂದು ರೇನೊ ಸೌದೆ ಹೊತ್ತು ಹೋದ.

ಸ್ಕ್ರೂ ಸಿಕ್ಕಿತು. ಅದರ ಜೊತೆಗೆ ಆರ್ವಿಡ್‌ಗೆ ಒಂದು ಉಪಾಯವೂ ಸಿಕ್ಕಿತು. ಬೆಚ್ಚಗಿರಬೇಕು, ಗಾಳಿಯಲ್ಲಿ ತೇವವೂ ಇರಬೇಕು. ತೇವವಿದ್ದಲ್ಲಿ ಕಿಡಿಯಿಲ್ಲ. ಈ ಊರಿನಲ್ಲಿ ಫೆಬ್ರುವರಿಯಲ್ಲಿ ಅಂಥ ಜಾಗ ಒಂದೇ. ಅವನ ತಾತ ಫಿನ್‌ಲೆಂಡಿನಿಂದ ಬಂದು ಮನೆಗಿಂತ ಮೊದಲು ಕಟ್ಟಿಸಿದ್ದು ಸೌನಾವನ್ನು. ಅವನ ತಂದೆ ಹುಟ್ಟಿದ್ದೂ ಅಲ್ಲೇ. ಅಲ್ಲಿ ಹುಟ್ಟದ ಪೆಲ್ಕೊಲಗಳಿಗೆ ಕೂಡ ಅಲ್ಲಿ ಬಗೆಹರಿಯದ ಕಷ್ಟ ಇಲ್ಲ ಎಂದು ನಂಬಿಕೆ.

ಸೌನಾದ ಹೊರಕೋಣೆಯಲ್ಲಿ, ಬಟ್ಟೆ ಬಿಚ್ಚಿಡುವ ಬೆಂಚಿನ ಮೇಲೆ, ಅವನು ಲ್ಯಾಪ್‌ಟಾಪನ್ನು ಇಟ್ಟ. ಮನೆಯಿಂದ ತೇವಮಾಪಕವನ್ನು ತಂದು ಮೊಳೆಗೆ ತಗುಲಿಸಿದ.

"ರೇನೊ, ಕಲ್ಲಿನ ಮೇಲೆ ನೀರು ಹಾಕು. ಒಳಬಾಗಿಲು ತೆಗೆದಿಡು."

"ಒಳಗೆ ಯಾರೂ ಕೂತಿಲ್ವಲ್ಲೋ. ಉಗಿ ಯಾರಿಗೆ?"

"ಇದಕ್ಕೆ."

ರೇನೊ ಲ್ಯಾಪ್‌ಟಾಪನ್ನು ನೋಡಿದ, ಭಾವನನ್ನು ನೋಡಿದ, ತಂಗಿಯ ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುವವನಂತೆ ಸೂರನ್ನು ನೋಡಿದ. ಆಮೇಲೆ ಕಾದ ಕಲ್ಲುಗಳ ಮೇಲೆ ಸೌಟು ತುಂಬ ನೀರು ಸುರಿದ. ಭುಸ್ ಎಂದಿತು. ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು. "ಇನ್ನೊಂದು" ಎಂದ ಆರ್ವಿಡ್. ಎಪ್ಪತ್ತು ಮುಟ್ಟಿದಾಗ ಅವನಿಗೆ ಸಂತೋಷವಾಯಿತು. ಕನ್ನಡಕ ಮಂಜಾಯಿತು, ಅಂಗಿಯ ಚುಂಗಿನಿಂದ ಒರೆಸಿಕೊಂಡ. ಮತ್ತೆ ಮಂಜಾಯಿತು, ಮತ್ತೆ ಒರೆಸಿಕೊಂಡ. ಲ್ಯಾಪ್‌ಟಾಪಿನ ಲೋಹದ ಮೇಲೆ ಬೆಳ್ಳಗೆ ಏನೋ ಹತ್ತಿತ್ತು. ಗ್ಯಾರೇಜಿನ ಧೂಳೆಂದು ಊದಿದ. ಧೂಳು ಹಾರಲಿಲ್ಲ, ಕರಗಿತು. ಅದನ್ನೂ ಅವನು ಕಂಡ. ಕಂಡದ್ದೇ ಬೇರೆ, ತಿಳಿದದ್ದೇ ಬೇರೆ.

ಹೊಸ ಪಟ್ಟಿಯನ್ನು ಎರಡೇ ಬೆರಳಲ್ಲಿ ಹಿಡಿದು, ಹಿಮದ ಹರಳನ್ನು ಗಾಜಿನ ಮೇಲೆ ಇಡುವಷ್ಟು ಮೆಲ್ಲಗೆ, ಅದರ ಜಾಗದಲ್ಲಿಟ್ಟ. ಮುಚ್ಚಳ ಹಾಕಿ ಸ್ಕ್ರೂ ಬಿಗಿದ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ಮೇಲೆ ಬೆರಳಿಟ್ಟ.

"ನೋಡಪ್ಪಾ, ಬೆವರ್ತಾ ಇದೆ! ಲ್ಯಾಪ್‌ಟಾಪಿಗೂ ಸೌನಾ ಹಿಡಿಸ್ತು" ಎಂದು ರೇನೊ ನಕ್ಕ.

ಆರ್ವಿಡನ ಬೆರಳು ಅಲ್ಲೇ ನಿಂತಿತು.

ಮೂವತ್ತು ವರ್ಷ, ಪ್ರತಿ ಸೆಪ್ಟೆಂಬರಿನಲ್ಲಿ, ಮೊದಲ ತರಗತಿಗೆ ಅವನು ಒಂದು ತಣ್ಣಗಿನ ಸೋಡಾ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದ. ಅದನ್ನು ಮೇಜಿನ ಮೇಲಿಟ್ಟು ಏನೂ ಮಾತಾಡದೆ ನಿಲ್ಲುತ್ತಿದ್ದ. ಕೊನೆಗೆ ಯಾವುದಾದರೂ ಬೆಂಚಿನಿಂದ "ಸರ್, ಅದು ಬೆವರ್ತಾ ಇದೆ" ಎಂಬ ಮಾತು ಬಂದೇ ಬರುತ್ತಿತ್ತು. ಆಗ ಅವನು ಹಿಗ್ಗಿ, ಹಲಗೆಯ ಮೇಲೆ 'ಇಬ್ಬನಿ ಬಿಂದು' ಎಂದು ಬರೆದು, ತೇವದ ಗಾಳಿಗೆ ತಣ್ಣಗಿನ ವಸ್ತು ತಗುಲಿದರೆ ನೀರು ಎಲ್ಲಿಂದ ಬರುತ್ತದೆಂದು ಒಂದು ಗಂಟೆ ವಿವರಿಸುತ್ತಿದ್ದ. ಸಾವಿರಾರು ಮಕ್ಕಳು ಅದನ್ನು ಕಲಿತು ಹೋಗಿದ್ದರು. ಕಲಿಸಿದವನೊಬ್ಬ ಉಳಿದಿದ್ದ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅವನಾದರೂ ಓದಿದ್ದು ಬೇರೆ, ಮರುಳಾದದ್ದು ಬೇರೆ ವಿಷಯದಲ್ಲಿ. ಆರ್ವಿಡ್ ತಾನು ಓದಿದ ವಿಷಯದಲ್ಲೇ ಮರುಳಾಗಿದ್ದ.

ಬೆರಳನ್ನು ಗುಂಡಿಯಿಂದ ಮೆಲ್ಲಗೆ ತೆಗೆದ. ಕೀಲಿನಿಂದ ಒಂದು ಹನಿ ಅವನ ಮೊಣಕಾಲಿನ ಮೇಲೆ ಬಿತ್ತು.

ಅಡುಗೆಮನೆಯಲ್ಲಿ ಮಾರ್ಲಿಸ್ ಏಲಕ್ಕಿ ಹಾಕಿದ ನಿಸು ಬ್ರೆಡ್ಡನ್ನು ಕಾಫಿಗೆ ಅದ್ದಿ ತಿನ್ನುತ್ತ ಔಷಧಗಳ ಹೆಸರು ಉರುಹೊಡೆಯುತ್ತಿದ್ದಳು. ಗಂಡನ ಮುಖ ನೋಡಿ ಬ್ರೆಡ್ಡು ಕೆಳಗಿಟ್ಟಳು.

"ಒಡೀತಾ?"

"ಇಲ್ಲ. ಸ್ವಲ್ಪ ನೀರು."

"ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿದ್ಯಾ?"

"ಚೆಲ್ಲಿಲ್ಲ. ತಾನೇ ಹುಟ್ಟಿದ್ದು."

"ತಾನೇ ಹುಟ್ಟಿತಂತೆ! ಎಲ್ಲಿ?"

"ಸೌನಾದಲ್ಲಿ."

ಮಾರ್ಲಿಸ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ರೇನೊ ಬಾಗಿಲ ಬಳಿ ಬೂಟು ಬಿಚ್ಚುವುದರಲ್ಲಿ ಅಗತ್ಯಕ್ಕಿಂತ ಮುಳುಗಿಹೋಗಿದ್ದ.

"ಏಳು ತಿಂಗಳು ಓದಿದೀನಿ ಆರ್ವಿ" ಎಂದಳು ಅವಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಕ್ಕಿ ಚೀಲದಲ್ಲಿ ಹುಗಿದಿಡೋಣ" ಎಂದ ರೇನೊ. "ನನ್ನ ಫೋನನ್ನ ಹಾಗೇ ಉಳಿಸಿದ್ದು."

"ನಿನ್ನ ಫೋನು ಉಳೀಲಿಲ್ಲ ಅಣ್ಣ. ಆ ಅಕ್ಕೀನ ನಾವು ಪಾಯಸ ಮಾಡ್ಕೊಂಡು ತಿಂದ್ವಿ, ಅಷ್ಟೇ."

ಆರ್ವಿಡ್ ತೇವಮಾಪಕ ತೂಗುತ್ತಿದ್ದ ಗೋಡೆಯ ಖಾಲಿ ಮೊಳೆಯನ್ನು ನೋಡಿದ. ನೂರಕ್ಕೆ ಹದಿನಾಲ್ಕು. ಊರಿನಲ್ಲೆಲ್ಲ ಇದಕ್ಕಿಂತ ಒಣಗಿದ ಗಾಳಿ ಸಿಗಲಾರದು. ಯಾವ ಕೋಣೆಯನ್ನು ಶತ್ರುವೆಂದು ಬಿಟ್ಟು ಓಡಿಹೋಗಿದ್ದನೋ ಅದೇ ಕೋಣೆಗೆ, ಅದೇ ಮೇಜಿಗೆ ಅವನು ಲ್ಯಾಪ್‌ಟಾಪನ್ನು ಮರಳಿ ತಂದ. ಮುಚ್ಚಳ ತೆಗೆದು, ಒಲೆಯಿಂದ ಒಂದು ಮಾರು ದೂರದಲ್ಲಿಟ್ಟು, ಸಣ್ಣ ಫ್ಯಾನು ಹಾಕಿದ. ಕಾಲುಚೀಲ ಬಿಚ್ಚಿ, ಹೋಗಿ ನಲ್ಲಿ ಮುಟ್ಟಿ ಬಂದ. ಇದನ್ನು ಬೆಳಿಗ್ಗೆಯೇ ಮಾಡಿದ್ದರೆ ಹನ್ನೊಂದೂವರೆಗೆ ಕೆಲಸ ಮುಗಿಯುತ್ತಿತ್ತು. ಮಾರ್ಲಿಸ್ ಹಾಗೆಂದು ಹೇಳಲಿಲ್ಲ. ಅವನೇ ಎರಡು ಸಲ ಹೇಳಿಕೊಂಡ.

ಹನಿಗಳು ಕಿರಿದಾದವು, ಕಲೆಗಳಾದವು, ಹೋದವು. ಆದರೆ ಕಾಣುವ ಹನಿಯ ಮಾತು ಬೇರೆ, ಪಟ್ಟಿಯ ಕೆಳಗೆ ಅಡಗಿ ಕೂತ ಹನಿಯ ಮಾತು ಬೇರೆ. ಎರಡು ಗಂಟೆಗೆ ಅವನು ಗುಂಡಿ ಒತ್ತೋಣವೆಂದ, ಮರುಕ್ಷಣ ಬೇಡವೆಂದ. ಇನ್ನೂ ಕಾದರೆ ಪರೀಕ್ಷೆ ತಪ್ಪುತ್ತದೆ, ಈಗಲೇ ಒತ್ತಿದರೆ ಯಂತ್ರ ಸುಟ್ಟೀತು. ಈ ಲೆಕ್ಕ ಅವನು ಕಲಿತ ಯಾವ ಸೂತ್ರಕ್ಕೂ ಸಿಗಲಿಲ್ಲ.

ಎರಡೂವರೆಗೆ ಮಾರ್ಲಿಸ್ ಪುಸ್ತಕ ಮುಚ್ಚಿ ಎದ್ದು ಬಂದಳು. "ಸರಿ. ಪರೀಕ್ಷೆ ನನ್ನದು, ನಾನೇ ಒತ್ತೋದು. ಸುಟ್ಟರೆ ನಿನ್ನನ್ನ ಬೈಯೋಕೆ ಮೇ ತಿಂಗಳ ತನಕ ಟೈಮಿರುತ್ತೆ."

ಒತ್ತಿದಳು. ಒಳಗೆ ಏನೋ ತಿರುಗಿತು. ತೆರೆ ಬೆಳಗಿತು. ಆರ್ವಿಡ್ ಉಸಿರು ಬಿಟ್ಟ. ಮೆಮೊರಿ ಎಷ್ಟೆಂದು ತೆಗೆದು ನೋಡಿದರೆ: ನಾಲ್ಕು.

"ಹಳೇದೇ ಇದೆಯಲ್ಲೋ!" ಎಂದ ರೇನೊ.

ಮತ್ತೆ ಆರಿಸಿ, ಮಗುಚಿ, ಮುಚ್ಚಳ ತೆಗೆದರು. ಹೊಸ ಪಟ್ಟಿ ತನ್ನ ಜಾಗದಲ್ಲಿ ಇತ್ತು, ಆದರೆ ಸಂಕೋಚದ ನೆಂಟನಂತೆ ಕುರ್ಚಿಯ ತುದಿಯಲ್ಲಿ.

"ಒತ್ತು ಅದನ್ನ" ಎಂದಳು ಮಾರ್ಲಿಸ್.

"ಒತ್ತಿದೀನಿ."

"ಸವರಿದೀಯ. ಒತ್ತು."

"ಮುರಿದುಹೋದ್ರೆ?"

"ಆರ್ವಿ! ಟೈಮಾಯ್ತು!"

ಆರ್ವಿಡ್ ಕಣ್ಣು ಮುಚ್ಚಿ ಎರಡೂ ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಅವನ ಎದೆಯೂ ಹಾಗೇ ಅಂದಿತು. ಮತ್ತೆ ಚಾಲೂ ಮಾಡಿದಾಗ ತೆರೆಯ ಮೇಲೆ ಹನ್ನೆರಡು ಎಂದು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದಕ್ಕೆ ಸಮಯವಿರಲಿಲ್ಲ. ತೆರೆಯೊಳಗಿಂದ ಪರೀಕ್ಷಾ ಮೇಲ್ವಿಚಾರಕಿ, ಕೋಣೆಯ ನಾಲ್ಕೂ ಗೋಡೆ ತೋರಿಸಲು ಹೇಳಿ, ಬೇರೆ ಯಾರೂ ಇರಕೂಡದು ಎಂದಳು.

"ಕೇಳಿಸ್ತಲ್ಲ? ಇಬ್ಬರೂ ಸೌನಾಕ್ಕೆ" ಎಂದಳು ಮಾರ್ಲಿಸ್. "ನಾನು ಕರೆಯೋ ತನಕ ಈ ಕಡೆ ತಲೆ ಹಾಕಬೇಡಿ."

ಸೌನಾದ ಮೇಲಿನ ಹಲಗೆಯ ಮೇಲೆ ಇಬ್ಬರೂ ಕೂತರು. ರೇನೊ ನೀರು ಹಾಕಿದ, ಉಗಿ ಎದ್ದಿತು. ಆರ್ವಿಡ್‌ಗೆ ಅದರಲ್ಲಿ ಸುಖ ಹತ್ತಲಿಲ್ಲ. ಆ ಪಟ್ಟಿಯ ಕೆಳಗೆ ಒಂದೇ ಒಂದು ಹನಿ ಉಳಿದಿದ್ದರೆ? ನಲವತ್ತನೆಯ ಪ್ರಶ್ನೆಗೆ ತೆರೆ ಕಪ್ಪಾದರೆ?

"ನಾನೊಬ್ಬ ಕತ್ತೆ, ರೇನೊ."

"ಅಲ್ಲ ಬಿಡು" ಎಂದ ರೇನೊ, ಬೆನ್ನು ಕೆರೆದುಕೊಳ್ಳುತ್ತ. "ಕತ್ತೆ ಲ್ಯಾಪ್‌ಟಾಪನ್ನ ಸೌನಾಕ್ಕೆ ಹೊತ್ಕೊಂಡು ಹೋಗಲ್ಲ. ಅದಕ್ಕೆ ಓದಿರಬೇಕು."

ಹೊರಗೆ ಹಿಮದ ಮೇಲೆ ಹೆಜ್ಜೆ ಕೇಳಿಸಿದಾಗ ಕಿಟಕಿ ನೀಲಿಗಟ್ಟುತ್ತಿತ್ತು. ಹೊರಕೋಣೆಯ ಬಾಗಿಲು ತೆರೆಯಿತು, ಮುಚ್ಚಿತು. ಒಳಬಾಗಿಲನ್ನು ಯಾರೋ ಮುಷ್ಟಿಯಿಂದ ಗುದ್ದಿದರು.

"ಗಂಡಸರ ಸರದಿ ಮುಗೀತಾ?" ಮಾರ್ಲಿಸಳ ದನಿ. "ಹೆಂಗಸರದ್ದು ಶುರು. ಸೋಮವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೇಲಿರಬೇಕು ನಾನು, ಮೈ ಹಗುರ ಮಾಡ್ಕೋಬೇಕು."

ರೇನೊ ಹೋ ಎಂದು ಕೂಗಿ, ಹಲಗೆಯನ್ನು ದಬದಬ ಬಡಿದ. ಆರ್ವಿಡ್ ಟವೆಲು ಸುತ್ತಿಕೊಂಡು ಬಾಗಿಲ ಬಳಿ ಬಂದ. ಮೆಚ್ಚುಗೆಯ ಮಾತು ಏನಾದರೂ ಆಡಬೇಕೆಂದಿತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಎಷ್ಟು ಬಂತು?"

"ಎಂಬತ್ತೊಂದು. ಎಪ್ಪತ್ತು ಬಂದ್ರೆ ಸಾಕಿತ್ತು."

"ಎಂಬತ್ತೊಂದು ಅಂದ್ರೆ ಸರಿಯಾಗಿ ಎಂಬತ್ತೊಂದಾ, ಇಲ್ಲಾ..."

ಬಾಗಿಲ ಆಚೆ ಅವಳು ನಕ್ಕಳು. ಆಮೇಲೆ ಹೇಳಿದಳು. ನೂರಕ್ಕೆ ಎಂಬತ್ತೊಂದು ಪಾಯಿಂಟ್ ಎರಡು ಐದು.